ಗುಳಿಮಂಡಲಗಳ ಶೋಧ: ಖಾನಾಪುರದ ಕಾಡು

ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಶಾಖವನ್ನು ಗ್ರಹಿಸುವ ಗುಳಿಯುಳ್ಳ ವಿಷದ ಹಾವುಗಳಿಗೆ ಗುಳಿಮಂಡಲಗಳೆಂದು ಹೆಸರು. ಅವುಗಳನ್ನು ಕಾಡಿನಲ್ಲಿ ಹುಡುಕಿ, ಗುರುತಿಸಿ, ದಾಖಲಿಸಿ, ಇದ್ದಲ್ಲಿಯೇ ಬಿಟ್ಟುಬರುವ ಕ್ಷೇತ್ರಕಾರ್ಯವನ್ನು ಗುಳಿಮಂಡಲಗಳ ಶೋಧ ಎನ್ನಬಹುದು. ಅಮೆರಿಕ ಖಂಡಗಳ ಕರಾವಳಿ ಮರಳುದಿಬ್ಬಗಳಲ್ಲಿಯೂ ಮರುಭೂಮಿಗಳಲ್ಲಿಯೂ ಜನ ಅರಸಿ ಹೋಗುವ ಗಿಲಕಿಹಾವುಗಳು ಇದೇ ಉಪಕುಟುಂಬದವು. ಭಾರತದಲ್ಲಿ ಗಿಲಕಿಹಾವುಗಳಿಲ್ಲವಾದರೂ ಅವುಗಳ ದಾಯಾದಿಗಳು ಪಶ್ಚಿಮ ಘಟ್ಟಗಳಲ್ಲಿ ಧಾರಾಳವಾಗಿದ್ದು, ಬೆಳಗಾವಿ ನಗರದಿಂದ ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಮೂಲಕ ಗೋವಾದ ಕರಾವಳಿಯತ್ತ ಇಳಿಯುವ ಚೋರ್ಲಾ ಘಟ್ಟದ ಆಸುಪಾಸು ಅವುಗಳ ಮುಖ್ಯ ನೆಲೆಗಳಲ್ಲೊಂದಾಗಿದೆ.

ಗುಳಿಯ ಒಳಗೆ ತೀರ ತೆಳುವಾದ ಪೊರೆಯೊಂದು ಹರಡಿಕೊಂಡಿದ್ದು, ಬಿಸಿರಕ್ತದ ಪ್ರಾಣಿ ಹತ್ತಿರ ಸುಳಿದಾಗ ಆ ಪೊರೆ ಬೆಚ್ಚಗಾಗಿ ನರತಂತುಗಳನ್ನು ಎಚ್ಚರಿಸುವುದರಿಂದ, ಕತ್ತಲೆಯಲ್ಲಿಯೂ ಹಾವಿಗೆ ಇಲಿಯ ಇರವು ತಿಳಿಯುತ್ತದೆ. ಈ ಗ್ರಹಿಕೆಗೆ ಕಾರಣವಾದ ಪ್ರೋಟೀನನ್ನು ವಿಜ್ಞಾನಿಗಳು 2010ರಲ್ಲಿ ಗಿಲಕಿಹಾವಿನಲ್ಲಿ ಗುರುತಿಸಿದರು.

ಖಾನಾಪುರದ ಸೀಮೆಯಲ್ಲಿ ಗಮನಿಸಬೇಕಾದ ಪ್ರಭೇದಗಳು ಮೂರು. ನಿಸರ್ಗವಿಜ್ಞಾನಿ ಜೆರ್ಡನ್ 1854ರಲ್ಲಿ ವಿವರಿಸಿದ ಮಲಬಾರ್ ಗುಳಿಮಂಡಲ ಹಸಿರು, ಕಂದು, ಹಳದಿ, ಕಿತ್ತಳೆ ಹೀಗೆ ಹಲವು ಬಣ್ಣಗಳಲ್ಲಿ ಕಾಣಿಸಿಕೊಂಡು ಹೊಸಬರನ್ನು ದಾರಿ ತಪ್ಪಿಸುತ್ತದೆ. ಬಿದಿರು ಗುಳಿಮಂಡಲ ಮೆಳೆಗಳಲ್ಲಿ ವಾಸಿಸುವಂಥದು. ಗಡಿಭಾಗದ ಮರಾಠಿಯಲ್ಲಿ ಅದನ್ನು ಚಾಪಡಾ ಎನ್ನುತ್ತಾರೆ. ಮೂರನೆಯದಾದ ಗೂನುಮೂಗಿನ ಗುಳಿಮಂಡಲ ನೆಲದ ತರಗೆಲೆಗಳ ನಡುವೆ ಬದುಕುವ ಗಿಡ್ಡ ಹಾವು. ಕೇರಳದಿಂದ ಹಬ್ಬಿರುವ ಇದರ ನೆಲೆಯ ಉತ್ತರದ ಅಂಚು ಸುಮಾರು 16 ಡಿಗ್ರಿ ಅಕ್ಷಾಂಶ, ಅಂದರೆ ಬೆಳಗಾವಿ ಸೀಮೆ, ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಹೀಗಾಗಿ ಇಲ್ಲಿ ಸಿಗುವ ಅದರ ಪ್ರತಿಯೊಂದು ದಾಖಲೆಗೂ ಬೇರೆಡೆಯದಕ್ಕಿಂತ ಹೆಚ್ಚು ಬೆಲೆಯಿದೆ.

ಇವುಗಳ ದಾಯಾದಿಯಾದ ಗಿಲಕಿಹಾವಿನ ಬಾಲದ ತುದಿಯಲ್ಲಿ ಉಗುರಿನಂಥ ಗಟ್ಟಿ ಉಂಗುರಗಳು ಒಂದಕ್ಕೊಂದು ಸಡಿಲವಾಗಿ ಸಿಕ್ಕಿಕೊಂಡಿದ್ದು, ಪೊರೆ ಕಳಚಿದಂತೆಲ್ಲ ಹೊಸ ಉಂಗುರ ಸೇರುತ್ತ ಹೋಗುತ್ತದೆ. ಬಾಲ ಅದುರಿದಾಗ ಅವು ಸದ್ದು ಮಾಡಿ ಎಚ್ಚರಿಸುತ್ತವೆ. ಗೂನುಮೂಗಿನ ಗುಳಿಮಂಡಲವೂ ಕೆಣಕಿದರೆ ಬಾಲವನ್ನು ಅದುರಿಸುತ್ತದೆಯಾದರೂ ಅದಕ್ಕೆ ಗಿಲಕಿಯಿಲ್ಲದ ಕಾರಣ ಒಣ ಎಲೆಗಳ ಸಣ್ಣ ಸರಸರವಷ್ಟೇ ಕೇಳಬಹುದು, ಮಳೆಯಲ್ಲಿ ಅದೂ ಇಲ್ಲ. ಆದ್ದರಿಂದ ಖಾನಾಪುರದ ಕಾಡಿನಲ್ಲಿ ಕಿವಿಯನ್ನು ನಂಬಿ ಹುಡುಕುವಂತಿಲ್ಲ, ಕಣ್ಣನ್ನೇ ಪಳಗಿಸಬೇಕು.

ಶೋಧಕ್ಕೆ ತಕ್ಕ ಕಾಲ ಮಳೆಗಾಲ. ಮಲಪ್ರಭೆ ಹುಟ್ಟುವ ಕಣಕುಂಬಿ, ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲೊಂದಾದ ಆಮಗಾವ್ ಮುಂತಾದೆಡೆ ಮುಂಗಾರು ಬಲಿತು ಹಳ್ಳಗಳು ತುಂಬಿ ಕಪ್ಪೆಗಳು ಹೊರಬಿದ್ದಾಗ, ಅವುಗಳನ್ನು ತಿನ್ನುವ ಮಲಬಾರ್ ಗುಳಿಮಂಡಲವೂ ಹಳ್ಳದ ಬದಿಗೆ ಬರುತ್ತದೆ. ಅದು ಬೇಟೆಯನ್ನು ಅಟ್ಟಿಕೊಂಡು ಹೋಗುವ ಹಾವಲ್ಲ: ತಗ್ಗಾದ ಗಿಡದ ಕೊಂಬೆಗೆ ಬಾಲವನ್ನು ಸುತ್ತಿ, ಕುತ್ತಿಗೆಯನ್ನು ಮಡಿಸಿ, ತಲೆಯನ್ನು ಕೆಳಕ್ಕೆ ಚಾಚಿ, ಮಳೆಹನಿ ಮೈಮೇಲೆ ಇಳಿಯುತ್ತಿದ್ದರೂ ಅಲುಗದೆ ಒಂದೇ ಜಾಗದಲ್ಲಿ ಹಲವು ದಿನ ಕಾಯುತ್ತದೆ. ಕಪ್ಪೆ, ಜೇಡಗಳ ಕಣ್ಣುಗಳು ಟಾರ್ಚಿನ ಬೆಳಕಿಗೆ ಹೊಳೆಯುವಂತೆ ಹಾವಿನ ಕಣ್ಣು ಹೊಳೆಯದಿರುವುದರಿಂದ ನುರಿತ ಶೋಧಕರು ಹೊಳಪನ್ನಲ್ಲ, ಆಕಾರವನ್ನು ಹುಡುಕುತ್ತಾರೆ. ಎಲೆಗಳ ನಡುವೆ ತ್ರಿಕೋನದಂಥ ತಲೆಯನ್ನೋ ಮಡಿಕೆಬಿದ್ದ ಮೈಯನ್ನೋ ಕಂಡು ನಿಲ್ಲುತ್ತಾರೆ. ಗಂಬೂಟು, ಉದ್ದನೆಯ ಕೋಲು, ತಲೆಗೆ ಕಟ್ಟುವ ಟಾರ್ಚು, ಜೊತೆಗೊಬ್ಬ ಸ್ಥಳೀಯ ಸಂಗಾತಿ ಇಷ್ಟಿದ್ದರೆ ಸಾಕು. ಕಾಣದ ಕಡೆ ಕೈಯಿಡಬಾರದೆಂಬುದು ಇಲ್ಲಿನ ಮೊದಲ ನಿಯಮ.

ಹಾವು ಕಂಡ ಮೇಲೆ ನಡೆಯುವ ಅತಿರೇಕವೇ ಹೆಚ್ಚು ಕಳವಳದ ಸಂಗತಿ. ಒಳ್ಳೆಯ ಛಾಯಾಚಿತ್ರಕ್ಕಾಗಿ ಕೊಂಬೆಯಿಂದ ಎತ್ತಿ ಕಲ್ಲಿನ ಮೇಲಿಡುವುದು, ಕಲ್ಲುಗಳನ್ನು ಮಗುಚಿ ಹಾಗೆಯೇ ಬಿಟ್ಟುಹೋಗುವುದು, ನೆಲೆಯ ನಿಖರ ಗುರುತನ್ನು ಎಲ್ಲರಿಗೂ ಸಾರುವುದು, ಇವೆಲ್ಲ ಒಂದೇ ಜಾಗವನ್ನು ನಂಬಿ ಬದುಕುವ ಪ್ರಾಣಿಗೆ ನೇರವಾದ ಹಾನಿ. ಈ ಸೀಮೆಯಲ್ಲಿಯೇ 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ಭೀಮಗಡ ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಶೋಧ ನಡೆಸುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿಯಲ್ಲಿ ಕಾಡುಪ್ರಾಣಿಯನ್ನು ಹಿಡಿಯುವುದನ್ನೂ ಬೇಟೆಯೆಂದೇ ಪರಿಗಣಿಸಲಾಗುತ್ತದೆ.

ಈ ಶೋಧಕ್ಕೆ ವೈದ್ಯಕೀಯ ಮಹತ್ವವೂ ಇದೆ. ದೇಶದಲ್ಲಿ ದೊರೆಯುವ ಬಹುವಿಷ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷವನ್ನು ಕುದುರೆಗಳಿಗೆ ಚುಚ್ಚಿ ತಯಾರಿಸುತ್ತಾರೆ. ಗುಳಿಮಂಡಲಗಳ ವಿಷ ಅದರಲ್ಲಿ ಸೇರಿಲ್ಲ. ಗೂನುಮೂಗಿನ ಗುಳಿಮಂಡಲದ ಕಡಿತದಿಂದ ರಕ್ತ ಹೆಪ್ಪುಗಟ್ಟದಿರುವುದೂ ಮೂತ್ರಪಿಂಡಗಳು ಕೆಡುವುದೂ ಕೇರಳ ಮತ್ತು ಶ್ರೀಲಂಕಾದಲ್ಲಿ ದಾಖಲಾಗಿವೆ. ಕಡಿತಕ್ಕೊಳಗಾದವರ ಕೈಕಾಲನ್ನು ಬಿಗಿಯಾಗಿ ಕಟ್ಟದೆ, ಗಾಯವನ್ನು ಕುಯ್ಯದೆ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಆದರೆ ಗವಾಳಿ, ಆಮಗಾವ್‌ನಂಥ ಕಾಡಿನೊಳಗಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೊರತರುವುದೇ ದುಸ್ತರ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದ್ದರಿಂದ ಆಸ್ಪತ್ರೆಗಳು ಪ್ರಕರಣಗಳನ್ನು ವರದಿ ಮಾಡಬೇಕಾಗಿದೆ. ಯಾವ ಹಳ್ಳದ ಬದಿಯಲ್ಲಿ, ಯಾವ ತಿಂಗಳಲ್ಲಿ, ಯಾವ ಗುಳಿಮಂಡಲ ಕಂಡಿತೆಂಬ ಶೋಧಕರ ದಾಖಲೆಗಳನ್ನು ಆ ವರದಿಗಳೊಡನೆ ಇಟ್ಟು ನೋಡಿದರೆ, ಈ ಹಾವುಗಳ ವಿಷಕ್ಕೂ ಪ್ರತಿವಿಷ ಬೇಕೆಂಬ ವಾದಕ್ಕೆ ಖಾನಾಪುರದ ಕಾಡಿನಿಂದಲೇ ಆಧಾರ ಒದಗಬಲ್ಲದು.