ಬೆಲೆ ಇಳಿಕೆ, ಕಂದಾಯ ನೀತಿ ಮತ್ತು ನಗರದ ರೈತ ದಂಗೆ: ಸೊರಬ–ಶಿಕಾರಿಪುರ ಸೀಮೆಯಿಂದ ಆರ್ಥಿಕ ಹಿಂಜರಿತದ ಒಂದು ಪಾಠ

ಆರ್ಥಿಕ ಹಿಂಜರಿತವನ್ನು ತರಗತಿಗಳಲ್ಲಿ ಬೋಧಿಸುವಾಗ 1929ರ ನ್ಯೂಯಾರ್ಕ್ ಷೇರುಪೇಟೆಯ ಕುಸಿತದಿಂದ ಆರಂಭಿಸುವುದು ವಾಡಿಕೆ. ಸೊರಬ, ಶಿಕಾರಿಪುರಗಳ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ನಿದರ್ಶನವೊಂದಿದೆ. ಅದು 1830–31ರ ನಗರ ದಂಗೆ. ಚರಿತ್ರೆಯ ಪಠ್ಯಗಳಲ್ಲಿ ಈ ದಂಗೆಯು ಕೆಳದಿ ಸಿಂಹಾಸನದ ಹಕ್ಕುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನ ವೃತ್ತಾಂತವಾಗಿ, ಇಲ್ಲವೇ ಮುಮ್ಮಡಿ ಕೃಷ್ಣರಾಜ ಒಡೆಯರು ಆಡಳಿತಾಧಿಕಾರವನ್ನು ಕಳೆದುಕೊಂಡ ಪ್ರಸಂಗದ ಪೂರ್ವಪೀಠಿಕೆಯಾಗಿ ಮಾತ್ರ ಬರುತ್ತದೆ. ಬೆಲೆ ಮತ್ತು ಕಂದಾಯಗಳ ಸಂಬಂಧದಿಂದ ನೋಡಿದಾಗ ಅದರ ಅರ್ಥವ್ಯಾಪ್ತಿ ಹಿರಿದಾಗುತ್ತದೆ.

ಅಂದು ಈ ಎರಡೂ ಸೀಮೆಗಳು ನಗರದ ಫೌಜುದಾರಿಗೆ ಸೇರಿದ್ದವು. ಕೆರೆಯ ನೀರನ್ನು ನಂಬಿದ ಭತ್ತದ ಗದ್ದೆ, ತಗ್ಗಿನ ಅಡಿಕೆ ತೋಟ ಇಲ್ಲಿನ ಬದುಕಿನ ಆಧಾರ. ಅಡಿಕೆಯು ಮಾರುವುದಕ್ಕಾಗಿಯೇ ಬೆಳೆಯುವ ಬೆಳೆ. ಅದರ ಬೆಲೆ ನಿರ್ಧಾರವಾಗುತ್ತಿದ್ದುದು ದೂರದ ಪೇಟೆಗಳಲ್ಲಿ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಗೊತ್ತುಪಡಿಸಿದ ‘ಶಿಸ್ತು’ ಎಂಬ ಕಂದಾಯ ಪದ್ಧತಿಯು ನ್ಯಾಯವಾದ ತೆರಿಗೆಯ ಅಳತೆಗೋಲಾಗಿ ಜನರ ನೆನಪಿನಲ್ಲಿ ಉಳಿದಿತ್ತು.

1820ರ ದಶಕದಲ್ಲಿ ದಕ್ಷಿಣ ಭಾರತದ ಬಹುಭಾಗದಲ್ಲಿ ಧಾನ್ಯದ ಬೆಲೆಗಳು ಕುಸಿಯತೊಡಗಿದವು. ಪಿ. ಜೆ. ಥಾಮಸ್ ಮತ್ತು ಬಿ. ನಟರಾಜನ್ ಅವರು 1936ರಲ್ಲಿ ಪ್ರಕಟಿಸಿದ ಅಧ್ಯಯನವು ಮದರಾಸು ಪ್ರಾಂತ್ಯದಲ್ಲಿ ಈ ಮುಗ್ಗಟ್ಟು 1825ರಿಂದ 1854ರವರೆಗೆ ನಡೆಯಿತೆಂದು ಗುರುತಿಸಿದೆ. ಆ ಅಧ್ಯಯನ ಹೊರಬಂದದ್ದೂ ಮತ್ತೊಂದು ಮಹಾಮುಗ್ಗಟ್ಟಿನ ಕಾಲದಲ್ಲಿಯೇ. ದೇಶೀಯ ಅರಸರ ಸೈನ್ಯಗಳು, ಆಸ್ಥಾನಗಳು ಕರಗಿ ಬೇಡಿಕೆ ಕುಗ್ಗಿದ್ದು, ಕೈಮಗ್ಗದ ಬಟ್ಟೆಯ ರಫ್ತು ಇಳಿದದ್ದು, ಬೆಳ್ಳಿ ಬಂಗಾರಗಳು ಹೊರಹರಿದು ಚಲಾವಣೆಯ ನಾಣ್ಯ ವಿರಳವಾದದ್ದು ಇದರ ಮುಖ್ಯ ಕಾರಣಗಳು. ಇಂದಿನ ಅರ್ಥಶಾಸ್ತ್ರವು ಇದನ್ನು ಹಣದುಬ್ಬರವಿಳಿತ ಎಂದು ಕರೆಯುತ್ತದೆ.

ಇದರ ಪರಿಣಾಮವನ್ನು ಕಲ್ಪಿತ ಲೆಕ್ಕವೊಂದರಿಂದ ವಿವರಿಸಬಹುದು. ರೈತನೊಬ್ಬನ ಕಂದಾಯ 9 ವರಹ, ಭತ್ತದ ಬೆಲೆ ಖಂಡುಗಕ್ಕೆ 1 ವರಹ ಎಂದಿಟ್ಟುಕೊಳ್ಳೋಣ. ಅವನು 9 ಖಂಡುಗ ಮಾರಿದರೆ ಸಾಕು. ಬೆಲೆ ಕಾಲುಭಾಗ ಇಳಿದರೆ ಅದೇ ಕಂದಾಯಕ್ಕೆ 12 ಖಂಡುಗ ಬೇಕು. ಸರ್ಕಾರ ತೆರಿಗೆಯನ್ನು ಒಂದು ಹಣದಷ್ಟೂ ಏರಿಸಿಲ್ಲ. ರೈತನ ಹೊರೆ ಮಾತ್ರ ಮೂರನೆಯ ಒಂದರಷ್ಟು ಏರಿದೆ. ಎಲ್ಲರೂ ಕಂತಿನ ಗಡುವಿಗೆ ಒಟ್ಟಿಗೆ ಮಾರಲು ಹೊರಟಾಗ ಬೆಲೆ ಇನ್ನಷ್ಟು ಇಳಿಯುತ್ತದೆ.

ಇಂತಹ ಕಾಲದಲ್ಲಿ ಕಂದಾಯಕ್ಕೆ ಸಡಿಲಿಕೆ ಅಗತ್ಯ. ಮೈಸೂರಿನ ವ್ಯವಸ್ಥೆ ಇದಕ್ಕೆ ವಿರುದ್ಧವಾಗಿತ್ತು. ‘ಶರತ್ತು’ ಪದ್ಧತಿಯಂತೆ ಅಮಲ್ದಾರನು ನಿಗದಿತ ಮೊತ್ತವನ್ನು ಒಪ್ಪಿಸಲು ಕರಾರು ಬರೆದುಕೊಡುತ್ತಿದ್ದನು. ಕೊರತೆ ಬಿದ್ದರೆ ಅವನೇ ತುಂಬಬೇಕಿತ್ತು. ಹೀಗಾಗಿ ಬೆಲೆ ಇಳಿದಷ್ಟೂ ವಸೂಲಿಯ ಬಿಗಿ ಹೆಚ್ಚಿತು. ಸಂಸ್ಥಾನದ ಕೈಯೂ ಕಟ್ಟಿತ್ತು: 1799ರ ಒಪ್ಪಂದದ ಪ್ರಕಾರ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿಯನ್ನು ಕಂಪೆನಿಗೆ ಸಲ್ಲಿಸಬೇಕಿತ್ತು. ಬೆಳೆ ಬೆಲೆಗಳ ಏರಿಳಿತಕ್ಕೆ ತಕ್ಕಂತೆ ಈ ಮೊತ್ತ ಬದಲಾಗುತ್ತಿರಲಿಲ್ಲ. ಕಷ್ಟದ ರೈತನಿಗೆ ಮುಂಗಡ ನೀಡುವ ತಕ್ಕಾವಿಯಂತಹ ಕ್ರಮಗಳು ಈ ನಾಡಿಗೆ ಅಪರಿಚಿತವಾಗಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಹಿಂದೆ ಬಿಟ್ಟುಕೊಟ್ಟಿದ್ದ ಬಾಕಿಗಳ ಲೆಕ್ಕವನ್ನು ಮತ್ತೆ ತೆರೆದಾಗ ರೈತರ ಭೀತಿ ಪ್ರತಿಭಟನೆಯಾಯಿತು. 1830ರಲ್ಲಿ ರೈತರು ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಕಂಪೆನಿಯ ಸೈನ್ಯದ ನೆರವಿನಿಂದ 1831ರಲ್ಲಿ ದಂಗೆಯನ್ನು ಅಡಗಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಸಂಸ್ಥಾನದ ಆಡಳಿತವನ್ನು ವಹಿಸಿಕೊಂಡನು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. 1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ 769 ಸಣ್ಣಪುಟ್ಟ ತೆರಿಗೆಗಳನ್ನು ರದ್ದುಪಡಿಸಿದನು. ಕಂದಾಯದ ಕಂತುಗಳನ್ನು ಸುಗ್ಗಿಯ ಕಾಲಕ್ಕೆ ಹೊಂದಿಸಲಾಯಿತು. ಈ ಎರಡನೆಯ ಕ್ರಮದಲ್ಲಿ, ಮಾರುವ ಸಮಯವನ್ನು ರೈತನಿಗೆ ಬಿಡಬೇಕೆಂಬ ತಿಳಿವಳಿಕೆ ಅಡಗಿದೆ. ಆದರೆ ಅದು ಬಂದದ್ದು ರಕ್ತಪಾತದ ನಂತರ.

ದಂಗೆಗೆ ಬೆಲೆ ಇಳಿಕೆಯೊಂದೇ ಕಾರಣವೆನ್ನಲಾಗದು. ಅಧಿಕಾರಿಗಳ ಭ್ರಷ್ಟತೆ, ಆಸ್ಥಾನದ ಗುಂಪುಗಾರಿಕೆ, ಹಳೆಯ ಅರಸೊತ್ತಿಗೆಯ ಸೆಳೆತ ಇವೂ ಸೇರಿದ್ದವು. ಆದರೂ ದುರಾಡಳಿತವೆಂಬ ಒಂದೇ ಮಾತಿನಲ್ಲಿ ಇದನ್ನು ಮುಗಿಸಿದರೆ, ಪ್ರಾಮಾಣಿಕ ಅಧಿಕಾರಿಯೂ ಅದೇ ಶರತ್ತಿನಡಿ ಅದೇ ಒತ್ತಡ ಹೇರಬೇಕಾಗುತ್ತಿತ್ತು ಎಂಬ ಸತ್ಯ ಮರೆಯಾಗುತ್ತದೆ. ಹಿಂಜರಿತದ ಕಾಲದಲ್ಲಿ ಪ್ರಭುತ್ವವು ತನ್ನ ಬೇಡಿಕೆಯನ್ನು ಬದಲಿಸದೆ ಉಳಿಯುವುದು ತಟಸ್ಥ ನೀತಿಯಲ್ಲ. ಅದು ದುರ್ಬಲನ ಮೇಲೆ ಹೊರೆಯನ್ನು ಏರಿಸುವ ನೀತಿಯೇ ಆಗುತ್ತದೆ. ನಗರ ದಂಗೆಯನ್ನು ಅರ್ಥಶಾಸ್ತ್ರದ ತರಗತಿಗೂ ತರಬೇಕಾದದ್ದು ಈ ಕಾರಣದಿಂದ.