ಹೊಟ್ಟೆಯ ಹುಣ್ಣು: ಕಾರಣ ಹುಡುಕಿದ ಕಥೆ

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಯಾರಿಗಾದರೂ ಹೊಟ್ಟೆಯಲ್ಲಿ ಹುಣ್ಣಾದರೆ ದೂರು ಮೊದಲು ಹೋಗುವುದು ಒಣಮೆಣಸಿನಕಾಯಿಯ ಮೇಲೆ. ನೀವೂ ಹಾಗೆಯೇ ನಂಬಿದ್ದೀರಾ? ಬಹುಕಾಲ ವೈದ್ಯರೂ ಖಾರ, ಚಿಂತೆ ಮತ್ತು ಆಮ್ಲಗಳನ್ನೇ ಕಾರಣವೆಂದು ಹೇಳುತ್ತಿದ್ದರು.

ನಮ್ಮ ಜಠರರಸದಲ್ಲಿ ಹೈಡ್ರೊಕ್ಲೋರಿಕ್ ಆಮ್ಲವಿದೆ. ಅದರಿಂದ ಜಠರದ ಒಳಗೋಡೆಯನ್ನು ಲೋಳೆಪದರವು ಕಾಪಾಡುತ್ತದೆ. ಈ ರಕ್ಷಣೆ ಕುಂದಿದಾಗ ಜಠರದಲ್ಲಿ ಅಥವಾ ಸಣ್ಣಕರುಳಿನ ಮೊದಲ ಭಾಗವಾದ ಡುಯೋಡಿನಮ್‌ನಲ್ಲಿ ಹುಣ್ಣಾಗುತ್ತದೆ. ಹಿಂದೆ ಆಮ್ಲವನ್ನು ತಗ್ಗಿಸಲು ವೇಗಸ್ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು.

1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರ್ಯಾಂಕ್ ಟೋವಿ ಅವರಿಗೆ ಬೇರೊಂದು ಪ್ರಶ್ನೆ ಹೊಳೆಯಿತು: ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಡುಯೋಡಿನಮ್ ಹುಣ್ಣು ಹೆಚ್ಚು, ಗೋಧಿ ಉಣ್ಣುವ ಉತ್ತರದಲ್ಲಿ ಕಡಿಮೆ, ಏಕೆ? ಪಾಲಿಷ್ ಮಾಡದ ಧಾನ್ಯಗಳಲ್ಲಿ ರಕ್ಷಣೆ ನೀಡುವ ಅಂಶಗಳಿರಬಹುದು ಎಂದು ಅವರು ವಾದಿಸಿದರು.

ಆಸ್ಟ್ರೇಲಿಯದ ಪರ್ತ್‌ನಲ್ಲಿ ರಾಬಿನ್ ವಾರೆನ್ 1979ರಲ್ಲಿ ಜಠರದ ಅಂಗಾಂಶದಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಅವರೊಡನೆ ಸೇರಿ 1982ರಲ್ಲಿ ಅವನ್ನು ಬೆಳೆಸಲು ಯತ್ನಿಸಿದಾಗ ಮೊದಮೊದಲು ಏನೂ ಬೆಳೆಯಲಿಲ್ಲ. ಈಸ್ಟರ್ ರಜೆಯಲ್ಲಿ ತಟ್ಟೆಗಳು ಹೆಚ್ಚು ದಿನ ಉಳಿದದ್ದರಿಂದ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು! ಇದೇ ಹೆಲಿಕೊಬ್ಯಾಕ್ಟರ್ ಪೈಲೊರಿ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು. ಈ ಸೋಂಕಿನಿಂದಾದ ಹುಣ್ಣಿಗೆ ಈಗ ಶಸ್ತ್ರಚಿಕಿತ್ಸೆಯ ಬದಲು ಪ್ರತಿಜೀವಕಗಳು ಮತ್ತು ಆಮ್ಲ ತಗ್ಗಿಸುವ ಔಷಧಿ ಸಾಕಾಗುವುದೇ ಹೆಚ್ಚು.

ಹಾಗಾದರೆ ಟೋವಿಯವರ ಪ್ರಶ್ನೆ ವ್ಯರ್ಥವೇ? ಇಲ್ಲ. ಸೋಂಕು ತಗಲಿದ ಎಲ್ಲರಿಗೂ ಹುಣ್ಣಾಗುವುದಿಲ್ಲ. ಇನ್ನೇನು ಕಾರಣಗಳಿವೆ ಎಂದು ಕೇಳಲೇಬೇಕು. 1953ರ ನಂತರ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಮಾನ್ವಿ ಭಾಗದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಕಾಲುವೆ ಬಂತು. ಊಟದ ತಟ್ಟೆ ಬದಲಾಯಿತು. ಆದರೆ ಅದರಿಂದಲೇ ಹುಣ್ಣು ಹೆಚ್ಚಿತೆಂದು ಅಳೆಯದೆ ಹೇಳುವಂತಿಲ್ಲ. ವಿಜ್ಞಾನ ಕಲಿಸುವ ಎಚ್ಚರ ಇದೇ.

ಇನ್ನೊಂದು ಎಚ್ಚರ ನಿಮ್ಮ ಮನೆಯದು. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವುನಿವಾರಕಗಳೂ ಲೋಳೆಪದರದ ರಕ್ಷಣೆಯನ್ನು ಕುಗ್ಗಿಸುತ್ತವೆ. ಹುಣ್ಣಿದ್ದವರು ಮೈಕೈ ನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ನುಂಗಿದರೆ ರಕ್ತಸ್ರಾವವಾಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾವ ಕಾಯಿಲೆಗೆ ಔಷಧಿ ಪಡೆಯುವಾಗಲೂ ಹುಣ್ಣಿನ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಶಿಕ್ಷಕರೇ, ಈ ಮಾತು ಮಕ್ಕಳ ಮೂಲಕ ಮನೆಮನೆಗೂ ತಲುಪಲಿ.