ಕ್ಯಾನ್ಸರ್ ಚಿಕಿತ್ಸೆಯ ಕಾಲದಲ್ಲಿ ಕುಟುಂಬದ ಆರೈಕೆ: ಪಟ್ಟನಾಯಕನಹಳ್ಳಿ ಸೀಮೆ

ಕ್ಯಾನ್ಸರ್ ಚಿಕಿತ್ಸೆ ನಡೆಯುವ ತಿಂಗಳುಗಳಲ್ಲಿ ರೋಗಿಯ ಊಟ, ಔಷಧ, ಓಡಾಟ, ಖರ್ಚು ಮತ್ತು ಮನೋಬಲವನ್ನು ಮನೆಯವರು ನೋಡಿಕೊಳ್ಳುವುದನ್ನು ಕುಟುಂಬದ ಆರೈಕೆ ಎನ್ನಬಹುದು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಮತ್ತು ಸುತ್ತಮುತ್ತಲಿನ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಹೊಣೆಯನ್ನು ಕಠಿಣಗೊಳಿಸುವುದು ಮುಖ್ಯವಾಗಿ ದೂರ. ಬಡ ಕುಟುಂಬಗಳು ನೆಚ್ಚಿಕೊಂಡಿರುವ, 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶಿರಾದಿಂದ ಸುಮಾರು 120 ಕಿ.ಮೀ. ದೂರದ ಬೆಂಗಳೂರಿನಲ್ಲಿದೆ.

ಜನರು ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ ಪ್ರತಿ ಸಲವೂ ಕೆಲವೇ ನಿಮಿಷಗಳಲ್ಲಿ ಮುಗಿದರೂ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ನಡೆಯುವುದರಿಂದ, ದಿನವೂ ಊರಿಗೆ ಹೋಗಿಬರಲಾಗದ ರೋಗಿ ಮತ್ತು ಜೊತೆಯವರು ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯಬೇಕಾಗುತ್ತದೆ. ಔಷಧಗಳಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕಿಮೋಥೆರಪಿಯನ್ನು ಹೆಚ್ಚಾಗಿ ಎರಡು ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ನಡುವಿನ ದಿನಗಳಲ್ಲಿ ಬಿಳಿ ರಕ್ತಕಣಗಳು ಇಳಿದು ಸೋಂಕು ಬೇಗ ತಗುಲುವ ಕಾರಣ, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ ಕಂಡರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕಾಣಬೇಕು. ಹಳ್ಳಿಯ ಆರೈಕೆಯಲ್ಲಿ ಜೀವ ಉಳಿಸುವ ತಿಳಿವಳಿಕೆ ಇದು. ಥರ್ಮಾಮೀಟರನ್ನು ಮನೆಯಲ್ಲಿಟ್ಟುಕೊಂಡು, ರಾತ್ರಿ ಕರೆದರೆ ಬರುವ ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಮಳೆಯನ್ನು ನಂಬಿ ಕಡಲೆಕಾಯಿ ಬೆಳೆಯುವ ಈ ಸೀಮೆಯಲ್ಲಿ ಬಿತ್ತನೆ ಇಲ್ಲವೆ ಕೀಳುವ ಕಾಲಕ್ಕೆ ಚಿಕಿತ್ಸೆ ಬಂದರೆ ರೋಗಿಯ ದುಡಿಮೆಯ ಜೊತೆಗೆ ಆರೈಕೆಗೆ ನಿಂತವರ ದುಡಿಮೆಯೂ ನಿಲ್ಲುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸಿ ದೊಡ್ಡ ಆಸರೆಯಾಗಿದೆಯಾದರೂ, ಜೊತೆಯವರು ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವುದಿಲ್ಲ. ಕೈಸಾಲ ಬೆಳೆಯುವುದು ಅಲ್ಲಿಯೇ. ಸಾಮಾನ್ಯವಾಗಿ ಹೆಂಡತಿ, ಮಗಳು ಅಥವಾ ಸೊಸೆಯ ಮೇಲೆ ಬೀಳುವ ಆರೈಕೆಯ ಹೊಣೆಯನ್ನು ಅಣ್ಣತಮ್ಮಂದಿರು ಸರದಿಯಂತೆ ಹಂಚಿಕೊಂಡರೆ ಒಬ್ಬರೇ ನಿದ್ದೆಗೆಟ್ಟು ಸೊರಗುವುದು ತಪ್ಪುತ್ತದೆ.

ರೋಗಿಗೆ ಕಾಯಿಲೆಯ ಹೆಸರನ್ನು ಹೇಳದೆ ‘ಗಡ್ಡೆ’ ಎಂದಷ್ಟೇ ತಿಳಿಸುವ ರೂಢಿ ಪ್ರೀತಿಯಿಂದಲೇ ಹುಟ್ಟಿದ್ದು. ಆದರೂ ಅದು ರೋಗಿಯನ್ನು ಒಂಟಿಯಾಗಿಸುತ್ತದೆ, ಏಕೆಂದರೆ ವಾರ್ಡಿನಲ್ಲಿ ಅಕ್ಕಪಕ್ಕದವರ ಮಾತಿನಿಂದ ನಿಜ ತಿಳಿದ ಮೇಲೆ ಭಯವನ್ನು ಹೇಳಿಕೊಳ್ಳಲು ಅವರಿಗೆ ಮನೆಯವರೇ ಸಿಗದಂತಾಗುತ್ತದೆ. ಅಂಟುವ ಭಯವೂ ರೋಗಿಯನ್ನು ಹೀಗೆಯೇ ಒಂಟಿಯಾಗಿಸುತ್ತದೆ, ಆದರೆ ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಹೊರಗಿನ ಯಂತ್ರದಿಂದ ಕೊಟ್ಟ ವಿಕಿರಣವೂ ಮೈಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ತಟ್ಟೆ, ಹಾಸಿಗೆಗಳನ್ನು ಬೇರೆ ಮಾಡಬೇಕಿಲ್ಲ, ಮೊಮ್ಮಕ್ಕಳನ್ನು ದೂರವಿಡಬೇಕಿಲ್ಲ.

ರೋಗ ವಾಸಿಯಾಗದ ಹಂತ ತಲುಪಿದವರಿಗೆ ನೋವು ತಗ್ಗಿಸುವ ಉಪಶಾಮಕ ಆರೈಕೆಯನ್ನು, 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೀಸ್ ಟ್ರಸ್ಟಿನ ಕರುಣಾಶ್ರಯ ಸಂಸ್ಥೆ ಶುಲ್ಕವಿಲ್ಲದೆ ನೀಡುತ್ತಿದೆ.